ಫಿಟ್ಟರ್ ಎಣಿಸಲು ಕಲಿತದ್ದು

ನೇಯ್ಗೆ ಮಿಲ್ಲಿನಲ್ಲಿ ಮೂವತ್ತು ವರ್ಷದಿಂದ ಮಗ್ಗ ರಿಪೇರಿ ಮಾಡುತ್ತಿದ್ದ ಅವನನ್ನು ಎಲ್ಲರೂ ಫಿಟ್ಟರ್ ಎಂದೇ ಕರೆಯುತ್ತಿದ್ದರು. ಹೆಂಡತಿ ಕೂಡ ಅಕ್ಕಪಕ್ಕದವರ ಮುಂದೆ ‘ನಮ್ಮ ಫಿಟ್ಟರ್’ ಎನ್ನುತ್ತಿದ್ದಳು. ಕೆಟ್ಟು ನಿಂತದ್ದು ಏನೇ ಇರಲಿ, ಬಿಚ್ಚಿ ಹರಡಿಕೊಂಡು ಕೂತರೆ ಅರ್ಥವಾಗಿಯೇ ತೀರುತ್ತದೆ ಎಂಬುದು ಅವನ ನಂಬಿಕೆ. ಗಡಿಯಾರ, ನೀರಿನ ಪಂಪು, ಪಕ್ಕದ ಮನೆಯವರ ಹೊಲಿಗೆ ಯಂತ್ರ ಎಲ್ಲವನ್ನೂ ಬಿಚ್ಚಿ ಜೋಡಿಸಿದ್ದ. ಒಂದೆರಡು ಸಲ ಒಂದು ಸ್ಕ್ರೂ ಉಳಿದುಹೋಗಿದ್ದುಂಟು, ಆದರೆ ಆ ವಸ್ತುಗಳು ಇವತ್ತಿಗೂ ನಡೆಯುತ್ತಿವೆ.

ಗಿಟಾರ್ ಅವನ ಕೈಗೆ ಬಂದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಗುರು ಇಲ್ಲ, ಪುಸ್ತಕ ಇಲ್ಲ. ಕೇಳಿದ ಹಾಡನ್ನು ಮೂರನೇ ಸಲಕ್ಕೆ ಹಿಡಿದುಬಿಡುತ್ತಿದ್ದ. ಊರಿನ ಲೈಬ್ರೇರಿಯನ್ ಮೇಡಂ ಅಕಾರ್ಡಿಯನ್ ನುಡಿಸುತ್ತಿದ್ದರು. ಟಪಾಲು ಹಂಚುವ ಗೆಳೆಯನೊಬ್ಬ, ಎಲ್ಲರ ಬಾಯಲ್ಲೂ ‘ಟಪಾಲು’ ಎಂದೇ ಆಗಿಹೋದವನು, ಡ್ರಮ್ ಬಾರಿಸುತ್ತಿದ್ದ. ಈ ಇಬ್ಬರ ಜೊತೆಗೆ ಹದಿನೆಂಟು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಮಿಲ್ಲಿನ ಕ್ಯಾಂಟೀನಿನಲ್ಲಿ ಮೇಜು ಸರಿಸಿ ಅವನು ನುಡಿಸುತ್ತಿದ್ದ. ಮೇಡಂ ಸಂಗೀತವನ್ನು ಬರೆದು ತರುವವರು. ಅವರು ಕೊಟ್ಟ ಹಾಳೆಯನ್ನು ಫಿಟ್ಟರ್ ಮರ್ಯಾದೆಯಿಂದ ಸ್ಟ್ಯಾಂಡಿನ ಮೇಲೆ ಇಡುತ್ತಿದ್ದ. ಮೇಡಂ ಪುಟ ತಿರುಗಿಸಿದಾಗ ತಾನೂ ತಿರುಗಿಸುತ್ತಿದ್ದ. ಆ ಗೆರೆ, ಚುಕ್ಕಿ, ಬಾಲಗಳಲ್ಲಿ ಒಂದನ್ನೂ ತಾನು ಓದಲಾರೆ ಎಂಬುದು ಯಾರಿಗೂ ಗೊತ್ತಿಲ್ಲವೆಂದೇ ಅವನು ನಂಬಿದ್ದ. “ಇಪ್ಪತ್ತನೇ ಅಂಕಣದಿಂದ ಶುರು ಮಾಡೋಣ” ಎಂದು ಮೇಡಂ ಹೇಳಿದರೆ ಅವನು ಕನ್ನಡಕ ಒರೆಸುತ್ತ ಕೂರುತ್ತಿದ್ದ. ಉಳಿದಿಬ್ಬರು ಶುರು ಮಾಡಿದ ಮೇಲೆ ಕಿವಿಯಿಂದ ಜಾಗ ಹಿಡಿದು ಸೇರಿಕೊಳ್ಳುತ್ತಿದ್ದ. ಕಿವಿ ಇರುವವನಿಗೆ ಕಾಗದ ಯಾಕೆ ಎಂಬ ಧೈರ್ಯ ಅವನದು.

ಕೈಕೊಟ್ಟದ್ದು ಆ ಕಿವಿಯೇ.

ಮಗ್ಗಗಳ ಗದ್ದಲದಲ್ಲಿ ಮೂವತ್ತು ವರ್ಷ ನಿಂತರೆ ಕಿವಿ ಏನಾಗಬೇಕೋ ಅದೇ ಆಗಿತ್ತು. ಡಾಕ್ಟರು ಒಂದು ಚೀಟಿಯಲ್ಲಿ ಮೆಟ್ಟಿಲು ಇಳಿದ ಹಾಗೆ ಗೆರೆ ಎಳೆದು ತೋರಿಸಿದರು. ಬಲಗಿವಿ ಹೆಚ್ಚೂಕಡಿಮೆ ಮುಗಿದಿದೆ, ಎಡಗಿವಿ ಅರ್ಧ ಉಳಿದಿದೆ ಎಂದರು. ಕಿವಿಗೆ ಹಾಕಿಕೊಳ್ಳಲು ಒಂದು ಯಂತ್ರ ಬಂತು. ಫಿಟ್ಟರ್ ಮೊದಲ ದಿನವೇ ಅದನ್ನು ಬಿಚ್ಚಲು ಹೋಗಿ ಹೆಂಡತಿಯಿಂದ ಬೈಸಿಕೊಂಡ. ಮನೆಯೊಳಗೆ ಎದುರು ಕೂತು ಆಡಿದ ಮಾತು ಅದರಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೆ ಕ್ಯಾಂಟೀನಿನಲ್ಲಿ ಮೂವರೂ ನುಡಿಸಲು ಹಿಡಿದರೆ ಅಕಾರ್ಡಿಯನ್, ಡ್ರಮ್, ಅವನದೇ ಗಿಟಾರ್ ಎಲ್ಲ ಕಲಸಿ ಒಂದೇ ಮುದ್ದೆಯಾಗುತ್ತಿತ್ತು. ಯಾರು ಮುಂದೆ ಹೋದರು, ಯಾರು ನಿಂತರು ಎಂಬುದು ತಿಳಿಯುವಷ್ಟರಲ್ಲಿ ಅವನು ಅರ್ಧ ಎಣಿಕೆ ಹಿಂದೆ ಬಿದ್ದಿರುತ್ತಿದ್ದ.

ಎರಡು ತಿಂಗಳು ಯಾರೂ ಏನೂ ಅನ್ನಲಿಲ್ಲ. ಆಮೇಲೆ ಲೈಬ್ರರಿಗೆ ಹೊಸ ಓದುವ ಹಾಲ್ ಕಟ್ಟಿ ಮುಗಿಯಿತು. ಅದನ್ನು ತೆರೆಯುವ ದಿನ ಬೆಳಿಗ್ಗೆ ಈ ಮೂವರೇ ನುಡಿಸಬೇಕೆಂದು ಗೊತ್ತಾಯಿತು. ಮೇಡಂ ಮೂರು ಭಾಗಗಳ ಹೊಸ ಸಂಗೀತ ಬರೆದರು. ಮೊದಲ ಭಾಗಕ್ಕೆ ತಾಳದ ಒಂದು ನಡೆ, ಎರಡನೆಯದಕ್ಕೆ ಇನ್ನೊಂದು, ಮೂರನೆಯದಕ್ಕೆ ಮತ್ತೊಂದು. ಮೊದಲ ಅಭ್ಯಾಸದಲ್ಲೇ ಫಿಟ್ಟರ್ ನಡೆ ಬದಲಾಗುವ ಕಡೆಯಲ್ಲೆಲ್ಲ ಎಡವಿದ. ನಾಲ್ಕನೇ ಸಲ ಎಡವಿದಾಗ ಟಪಾಲು ಡ್ರಮ್ ಕಡ್ಡಿ ಕೆಳಗಿಟ್ಟು ಕಿಟಕಿಯ ಕಡೆ ನೋಡಿದ. ಅಭ್ಯಾಸ ಮುಗಿದ ಮೇಲೆ ಮೇಡಂ ಅವನ ಹತ್ತಿರ ಕುರ್ಚಿ ಎಳೆದುಕೊಂಡು, ಅವನ ಎಡಗಡೆಗೇ ಕೂತು, ಈ ಒಂದು ಸಲ ಬೇಕಾದರೆ ಸುಮ್ಮನಿರಿ, ನಾವಿಬ್ಬರೇ ಹೇಗೋ ಮುಗಿಸುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಮೆಲ್ಲಗೆ ಹೇಳಿದರು.

ಫಿಟ್ಟರಿಗೆ ಬೇಜಾರಾಯಿತು. ಆದರೆ ಬೇಜಾರು ಅವನಲ್ಲಿ ಹೆಚ್ಚು ಹೊತ್ತು ನಿಲ್ಲುವ ಗಿರಾಕಿಯಲ್ಲ. ಸ್ಟ್ಯಾಂಡಿನ ಮೇಲಿದ್ದ ಹಾಳೆಯನ್ನು ಎತ್ತಿ ನೋಡಿದ.

“ಇದ್ರಲ್ಲಿ ನಾನು ಎಲ್ಲಿ, ಯಾವಾಗ, ಏನು ನುಡಿಸ್ಬೇಕು ಅಂತ ಪೂರ್ತಿ ಬರ್ದಿದೆಯಾ?”

“ಪೂರ್ತಿ ಇದೆ.”

“ಹಾಗಾದ್ರೆ ಕಿವಿ ಯಾಕೆ ಬೇಕು? ನಂಗೆ ಆರು ವಾರ ಕೊಡಿ. ಹಾಳೆ ನೋಡ್ಕೊಂಡೇ ನುಡಿಸ್ತೀನಿ.”

ಇಷ್ಟು ವರ್ಷ ಹಾಳೆ ನೋಡಿಕೊಂಡು ಏನು ಮಾಡುತ್ತಿದ್ದಿರಿ ಎಂದು ಮೇಡಂ ಕೇಳಬಹುದಿತ್ತು. ಕೇಳಲಿಲ್ಲ. ಆರು ವಾರ ಒಪ್ಪಿದರು.

ಕಲಿಸುವವರನ್ನು ಹುಡುಕಿಕೊಂಡು ಅವನು ಎಲ್ಲೂ ಹೋಗಬೇಕಾಗಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಅತ್ತೆ ಇದ್ದರು. ಹೆಂಡತಿಯ ತಾಯಿ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಸಂಗೀತದ ಟೀಚರಾಗಿದ್ದವರು. ಮೂರು ವರ್ಷದ ಹಿಂದೆ ಮೊಣಕಾಲಿನ ಆಪರೇಷನ್ ಆದ ಮೇಲೆ ಮಗಳ ಮನೆಗೆ ಬಂದರು, ಪಿಯಾನೊ ಸಮೇತ. ಬಾಗಿಲಲ್ಲಿ ತೂರದ ಪಿಯಾನೊವನ್ನು ಒಳಗೆ ತರಲು ಫಿಟ್ಟರ್ ಕಿಟಕಿಯ ಚೌಕಟ್ಟನ್ನೇ ಕಿತ್ತು, ಆಮೇಲೆ ಒಂದು ಗೆರೆಯೂ ಕಾಣದಂತೆ ಕೂರಿಸಿದ್ದ. ಅತ್ತೆ ಆ ಕೆಲಸವನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಆದರೆ ಅಳಿಯನ ಗಿಟಾರ್ ಬಗ್ಗೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಮಾತು ಆಡಿರಲಿಲ್ಲ. ಹೊಗಳಿರಲಿಲ್ಲ, ತೆಗಳಿಯೂ ಇರಲಿಲ್ಲ. ಅವನೂ ಕೇಳಿರಲಿಲ್ಲ. ಅವರವರ ಮರ್ಯಾದೆ ಅವರವರಿಗೆ.

ಆ ಸಂಜೆ ಅವನು ಹಾಳೆ ಹಿಡಿದು ಬಾಗಿಲಲ್ಲಿ ನಿಂತಾಗ ಅತ್ತೆ ಪತ್ರಿಕೆಯಿಂದ ತಲೆ ಎತ್ತಿದರು. ಅವನು ಕಿವಿಯ ವಿಷಯ, ಮೇಡಂ ಹೇಳಿದ್ದು, ಆರು ವಾರ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

“ನಂಗೆ ಓದೋಕೆ ಬರಲ್ಲ” ಎಂದ ಕೊನೆಗೆ.

“ಗೊತ್ತು” ಎಂದರು ಅತ್ತೆ. “ನೀವು ಮೂವರೂ ಸೇರಿ ನುಡಿಸೋಕೆ ಶುರು ಮಾಡಿದ ವರ್ಷ ಒಂದು ಕಾರ್ಯಕ್ರಮಕ್ಕೆ ಕರ್ಕೊಂಡು ಹೋಗಿದ್ರಲ್ಲ, ಅವತ್ತಿಂದ ಗೊತ್ತು. ಮೇಡಂ ಜೊತೆಗೇ ಹಾಳೆ ತಿರುಗಿಸಿದ್ರಿ, ನಿಮ್ಮ ಹಾಳೇಲಿ ಇನ್ನೂ ಎರಡು ಸಾಲು ಬಾಕಿ ಇತ್ತು.”

“ಮತ್ತೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ.”

ಪಾಠ ಮರುದಿನ ಶುರುವಾಯಿತು, ಮಿಲ್ಲಿನಿಂದ ಬಂದು ಕೈಯ ಎಣ್ಣೆ ತೊಳೆದ ಕೂಡಲೇ. ಮೊದಲ ಹತ್ತು ನಿಮಿಷದಲ್ಲೇ ಫಿಟ್ಟರ್ ಒಂದು ಸಂಗತಿ ಗಮನಿಸಿದ. ಇಪ್ಪತ್ತೆರಡು ವರ್ಷದಿಂದ ಅವನನ್ನು ‘ನೀವು, ತಾವು’ ಎನ್ನುತ್ತಿದ್ದ ಅತ್ತೆ, ಪಿಯಾನೊದ ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡ ತಕ್ಷಣ ‘ನೀನು’ ಎನ್ನತೊಡಗಿದ್ದರು. ಬೆನ್ನು ನೆಟ್ಟಗೆ ಮಾಡು. ಹಾಳೆ ನೋಡು, ನನ್ನ ಮುಖ ಅಲ್ಲ. ಪಾಠ ಮುಗಿದ ಮರುಕ್ಷಣ ಊಟಕ್ಕೆ ಏಳಿ, ತಟ್ಟೆ ಹಾಕಿದ್ದಾಳೆ ಎಂದು ಮತ್ತೆ ಬಹುವಚನಕ್ಕೆ ಏರುತ್ತಿದ್ದರು. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಇದು ಕೇಳಿ ಕೇಳಿ ನಗು ತಡೆಯಲಾಗುತ್ತಿರಲಿಲ್ಲ.

ಸ್ವರದ ಎತ್ತರ ತಗ್ಗು ಈಗ ಬೇಡ, ಬೆರಳಿಗೆ ಅದು ಗೊತ್ತಿದೆ, ಕಾಲದ ಲೆಕ್ಕ ಮಾತ್ರ ಸಾಕು ಎಂದು ಅತ್ತೆ ತೀರ್ಮಾನಿಸಿದ್ದರು. ಹಾಳೆಯ ಮೇಲೆ ಎರಡು ನಿಂತ ಗೆರೆಗಳ ನಡುವಿನ ಜಾಗ ಒಂದು ಅಂಕಣ. ಮನೆಗೆ ಕಂಬದಿಂದ ಕಂಬಕ್ಕೆ ಅಂಕಣ ಇರುವ ಹಾಗೆ. ಒಳಗೆ ಏನು ಬೇಕಾದರೂ ಇಟ್ಟುಕೊ, ಆದರೆ ಕಂಬ ಜರುಗಬಾರದು. ಬಾಲವಿಲ್ಲದ ಕಪ್ಪು ಚುಕ್ಕಿಗೆ ಒಂದು ಎಣಿಕೆ, ನಾಲ್ಕು ಎಣಿಕೆಯ ಅಂಕಣದಲ್ಲಿ ಅದು ಕಾಲು. ಒಂದು ಬಾಲ ಇದ್ದರೆ ಅದರರ್ಧ, ಅರೆಕಾಲು. ಎರಡು ಬಾಲ ಇದ್ದರೆ ಅದರಲ್ಲೂ ಅರ್ಧ, ವೀಸ.

“ವೀಸ ಅಂದ್ರೆ ಹದಿನಾರರಲ್ಲಿ ಒಂದು” ಎಂದ ಫಿಟ್ಟರ್, “ನಮ್ಮಜ್ಜ ಹೇಳ್ತಿದ್ರು.”

“ಹಾಗಾದ್ರೆ ಅರ್ಧ ಪಾಠ ನಿಮ್ಮಜ್ಜ ಮಾಡಿದ್ದಾರೆ.”

ಎಣಿಸುವುದನ್ನು ಅವರು ಕಲಿಸಿದ ರೀತಿ ಅವನಿಗೆ ಬಹಳ ಹಿಡಿಸಿತು. ಒಂದು, ಎರಡು, ಮೂರು, ನಾಲ್ಕು. ಬಾಯಲ್ಲಿ ಆಡುವಾಗ ಪ್ರತಿಯೊಂದೂ ಎರಡು ತುಂಡು. ಒಂ-ದು, ಎರ್-ಡು, ಮೂ-ರು, ನಾ-ಲ್ಕು. ಮೊದಲ ತುಂಡಿಗೆ ಕೈ ಕೆಳಗೆ, ಎರಡನೆಯ ತುಂಡಿಗೆ ಕೈ ಮೇಲೆ. ಅರ್ಧ ಎಲ್ಲಿ ಬರುತ್ತದೆಂದು ಹುಡುಕಬೇಕಾಗಿಯೇ ಇಲ್ಲ, ಮಾತಿನ ಒಳಗೇ ಕೂತಿದೆ. ವೀಸಗಳು ನಾಲ್ಕು ಒಟ್ಟಿಗೆ ಬಂದರೆ ‘ಗಡಬಡ’ ಅನ್ನು ಎಂದರು ಅತ್ತೆ. ಮೂವತ್ತನಾಲ್ಕು ವರ್ಷ ಹುಡುಗಿಯರಿಗೆ ಹಾಗೆಯೇ ಕಲಿಸಿದ್ದರಂತೆ. ಕಾಲು ಬಂದರೆ ‘ಬಾ’, ಎರಡು ಅರೆಕಾಲು ಬಂದರೆ ‘ಮೆಲ್ಲ’, ನಾಲ್ಕು ವೀಸ ಬಂದರೆ ‘ಗಡಬಡ’. ಐವತ್ತರ ಹತ್ತಿರ ಹತ್ತಿರ ಬಂದ ಗಂಡಸು ಮುಂದಿನ ಕೋಣೆಯಲ್ಲಿ ಕೂತು “ಬಾ, ಮೆಲ್ಲ, ಗಡಬಡ, ಬಾ” ಎಂದು ಗಟ್ಟಿಯಾಗಿ ಹೇಳುವುದನ್ನು ಬೀದಿಯಲ್ಲಿ ಹೋಗುವವರು ನಿಂತು ಕೇಳಿದರು. ಯಾರನ್ನು ಹೀಗೆ ಕರೆಯುತ್ತಿದ್ದಾರೆ ಎಂದು ಎದುರು ಮನೆಯಾಕೆ ಹೆಂಡತಿಯನ್ನು ವಿಚಾರಿಸಿದಳು.

ಮೌನದ ಗುರುತುಗಳು ಬಂದಾಗ ಸ್ವಲ್ಪ ಜಗಳವಾಯಿತು. ಅಂಕಣದ ಮಧ್ಯೆ ಒಂದು ಗುರುತು ಬಂತೆಂದರೆ ಅಷ್ಟು ಹೊತ್ತು ನುಡಿಸಬಾರದು. ಫಿಟ್ಟರ್ ಕೈ ನಿಲ್ಲಿಸುತ್ತಿದ್ದ. ನಿಲ್ಲಿಸಿದ ಕೈ ಮತ್ತೆ ಹೊರಡುವಾಗ ತಡವಾಗುತ್ತಿತ್ತು. ಕೈ ನಿಲ್ಲಬಾರದು, ತಂತಿ ಮುಟ್ಟಬಾರದು, ಸುಮ್ಮನಿರುವುದನ್ನೂ ಎಣಿಸಬೇಕು ಎಂದು ಅತ್ತೆ ಹತ್ತು ಸಲ ಹೇಳಿದರು. ಹನ್ನೊಂದನೆಯ ಸಲ ಅವನಿಗೆ ಮಗ್ಗ ನೆನಪಾಯಿತು. ಹಳೆಯ ಮಗ್ಗಗಳಲ್ಲಿ ನೂಲು ತುಂಡಾದರೂ ಲಾಳಿ ಎಡಕ್ಕೂ ಬಲಕ್ಕೂ ಓಡುತ್ತಲೇ ಇರುತ್ತದೆ. ಬಟ್ಟೆ ಬೆಳೆಯುವುದಿಲ್ಲ, ಓಟ ನಿಲ್ಲುವುದಿಲ್ಲ. ಹಾಗೆಂದು ಅತ್ತೆಗೆ ವಿವರಿಸಿದ. ಅವರಿಗೆ ಲಾಳಿಯ ಬಗ್ಗೆ ಏನೂ ತಿಳಿಯದಿದ್ದರೂ ಅವನ ಕೈಯಲ್ಲಿ ಅದು ಸರಿಹೋದದ್ದು ಕಂಡಿತು. ಮುಂದಿನ ಪುಟಕ್ಕೆ ಹೋದರು.

ಮೂರನೇ ವಾರ ಬಂತು ದೊಡ್ಡ ಗಂಟು. ಸಾಲಿನ ಮೊದಲಿಗೆ ಒಂದರ ಮೇಲೊಂದು ಎರಡು ಅಂಕಿ ಬರೆದಿರುತ್ತಾರಲ್ಲ, ಅದು. ಮೊದಲ ಭಾಗಕ್ಕೆ ನಾಲ್ಕರ ಕೆಳಗೆ ನಾಲ್ಕು ಇತ್ತು, ತೊಂದರೆಯಾಗಲಿಲ್ಲ. ಎರಡನೆಯ ಭಾಗಕ್ಕೆ ಮೂರರ ಕೆಳಗೆ ನಾಲ್ಕು. ಮೂರನೆಯದಕ್ಕೆ ಆರರ ಕೆಳಗೆ ಎಂಟು. ಫಿಟ್ಟರ್ ನೋಡಿದವನೇ ಸ್ಪ್ಯಾನರಿನ ಸೈಜು ಓದಿದಂತೆ ಓದಿದ.

“ಇದು ಮುಕ್ಕಾಲು. ಇದೂ ಮುಕ್ಕಾಲೇ. ಆರು ಬೈ ಎಂಟರ ಸ್ಪ್ಯಾನರ್ ಅಂತ ಲೋಕದಲ್ಲೇ ಇಲ್ಲ ಅತ್ತೆ. ಮೇಡಂ ಲೆಕ್ಕ ಸಂಕ್ಷೇಪ ಮಾಡೋದು ಮರ್ತಿದ್ದಾರೆ.”

ಇದು ಭಿನ್ನರಾಶಿಯಲ್ಲ ಎಂದರು ಅತ್ತೆ. ಮೇಲಿನ ಅಂಕಿ ಒಂದು ಅಂಕಣದಲ್ಲಿ ಎಷ್ಟು ಎಂದು ಹೇಳುತ್ತದೆ, ಕೆಳಗಿನದು ಎಂಥವು ಎಂದು ಹೇಳುತ್ತದೆ. ಕೆಳಗೆ ನಾಲ್ಕಿದ್ದರೆ ಕಾಲುಗಳನ್ನು ಎಣಿಸು, ಎಂಟಿದ್ದರೆ ಅರೆಕಾಲುಗಳನ್ನು. ಅವನು ಬೆರಳು ಮಡಿಚಿ ಲೆಕ್ಕ ಹಾಕಿದ. ಮೂರು ಕಾಲು ಎಂದರೆ ಆರು ಅರೆಕಾಲು. ಆರು ಅರೆಕಾಲು ಎಂದರೂ ಆರು ಅರೆಕಾಲು.

“ಎರಡೂ ಆರೇ ಆಯ್ತಲ್ಲ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು.”

ಅತ್ತೆ ಕನ್ನಡಕ ತೆಗೆದು ಅವನನ್ನೇ ನೋಡಿದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಮಗಳ ಗಂಡ ಅಂದ್ರೆ ಅವಳ ಪಾಡು. ಅಳಿಯ ಅಂದ್ರೆ ನನ್ನ ಪಾಡು. ಮನುಷ್ಯ ಒಬ್ಬನೇ, ಭಾರ ಬೀಳೋ ಜಾಗ ಬೇರೆ.” ಅವರು ಟೀ ಕಪ್ಪುಗಳನ್ನು ತರಿಸಿ ಆರನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಎರಡೆರಡರಂತೆ ಮೂರು ಗುಂಪು ಮಾಡಿ, ಪ್ರತಿ ಗುಂಪಿನ ಮೊದಲ ಕಪ್ಪಿಗೆ ಚಮಚದಿಂದ ಜೋರಾಗಿ ತಟ್ಟಿದರು. “ಇದು ಮೂರರ ನಡೆ.” ಆಮೇಲೆ ಅವೇ ಆರು ಕಪ್ಪನ್ನು ಮೂರುಮೂರರಂತೆ ಎರಡು ಗುಂಪು ಮಾಡಿ ತಟ್ಟಿದರು. “ಇದು ಆರರ ನಡೆ. ಈಗ ಹೇಳು, ಎರಡೂ ಒಂದೇನಾ?”

ಸದ್ದು ಅವನಿಗೆ ಸರಿಯಾಗಿ ಕೇಳಲಿಲ್ಲ. ಎದ್ದು ಬಂದು ಮೇಜಿನ ಮೇಲೆ ಅಂಗೈ ಊರಿ, ಇನ್ನೊಂದು ಸಲ ತಟ್ಟಿ ಎಂದ. ಮಿಲ್ಲಿನಲ್ಲಿ ಯಾವ ಬೇರಿಂಗ್ ಸವೆದಿದೆ ಎಂದು ಅವನು ಕಂಡುಹಿಡಿಯುತ್ತಿದ್ದುದೇ ಹಾಗೆ, ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು. ಚಮಚದ ಪೆಟ್ಟು ಮರದ ಮೂಲಕ ಕೈಗೆ ಬಂತು. ಒಂದು ಸಲ ಮೂರು ಭಾರ, ಇನ್ನೊಂದು ಸಲ ಎರಡು ಭಾರ. ಅವನ ಮುಖ ಅರಳಿತು. ಇದು ಮುಕ್ಕಾಲಲ್ಲ ಎಂದು ಒಪ್ಪಿಕೊಂಡ. ಆ ದಿನ ಪಾಠ ಮುಗಿದ ಮೇಲೂ ಆರು ಕಪ್ಪನ್ನು ಹತ್ತಿಪ್ಪತ್ತು ಸಲ ಗುಂಪು ಮಾಡಿ ಗುಂಪು ಬಿಡಿಸಿ ತಟ್ಟಿದ. ಅದರಲ್ಲಿ ಒಂದರ ಹಿಡಿ ಮುರಿಯಿತು. ಅದನ್ನು ಅಂಟಿಸಿಯೂ ಕೊಟ್ಟ.

ಮುಂದಿನ ದಿನಗಳಲ್ಲಿ ಹಾಳೆಯ ನಕಲೊಂದು ಮಿಲ್ಲಿನಲ್ಲಿ ಅವನ ಸಲಕರಣೆ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಕೊಂಡಿತು. ಟೀ ವಿರಾಮದಲ್ಲಿ ಸ್ಪ್ಯಾನರನ್ನು ಗಿಟಾರಿನಂತೆ ಹಿಡಿದು ಕೈ ಮೇಲೆ ಕೆಳಗೆ ಆಡಿಸುತ್ತಿದ್ದ. ಒಂದು ಚುಕ್ಕಿಯನ್ನು ಮುಂದಿನ ಚುಕ್ಕಿಗೆ ಬಿಲ್ಲಿನಂಥ ಗೆರೆಯಿಂದ ಕಟ್ಟಿದ್ದರೆ ಎರಡನೆಯದನ್ನು ನುಡಿಸದೆ ಎಳೆಯಬೇಕು ಎಂಬುದು ಅವನಿಗೆ ಐದು ದಿನ ಕೈಗೆ ಹತ್ತಲಿಲ್ಲ. ಐದೂ ದಿನ ಊಟದ ತಟ್ಟೆಯ ಅಂಚಿನ ಮೇಲೆ, ಬಸ್ಸಿನ ಕಂಬಿಯ ಮೇಲೆ, ಒಮ್ಮೆ ಹೆಂಡತಿಯ ಬೆನ್ನ ಮೇಲೆ ತಟ್ಟಿದ. ಇನ್ನೊಂದು ಸಲ ಬೆನ್ನಿಗೆ ಬಂದರೆ ತವರಿಗೆ ಹೋಗುತ್ತೇನೆ ಎಂದು ಅವಳು ಹೇಳಿದಳು. ತವರು ಮುಂದಿನ ಕೋಣೆಯಲ್ಲೇ ಇದೆಯಲ್ಲ ಎಂದ ಅವನು. ಆರನೆಯ ದಿನ ಕೈ ತಾನಾಗಿಯೇ ಎಳೆಯಿತು. ಸಾಲಿನ ಕೊನೆಯ ದಪ್ಪ ಗೆರೆಗೆ ಅಂಟಿದ ಎರಡು ಚುಕ್ಕಿ ಕಂಡರೆ ಆ ಭಾಗವನ್ನು ಮೊದಲಿನಿಂದ ಇನ್ನೊಮ್ಮೆ ನುಡಿಸಬೇಕು ಎಂಬುದು ಕೊನೆಯ ಪಾಠ. ಅದು ಸುಲಭವಾಗಿತ್ತು. ಹೇಳಿದಲ್ಲಿಗೆ ವಾಪಸ್ಸು ಹೋಗುವುದು ಯಾರಿಗೆ ಬರುವುದಿಲ್ಲ?

ಆರನೇ ವಾರದ ಭಾನುವಾರ ಕ್ಯಾಂಟೀನಿಗೆ ಹೋದಾಗ ಅವನು ಸ್ಟ್ಯಾಂಡನ್ನು ತನ್ನ ಕಣ್ಣಿನ ಮಟ್ಟಕ್ಕೆ ಏರಿಸಿದ. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಬಲಗಾಲಿನ ಬೂಟು ಬಿಚ್ಚಿ ಬರಿಗಾಲನ್ನು ನೆಲದ ಹಲಗೆಯ ಮೇಲಿಟ್ಟ. ಡ್ರಮ್ಮಿನ ಭಾರ ಅಲ್ಲಿಂದ ಬರುತ್ತಿತ್ತು. ಮೇಡಂ ಬೇಕೆಂದೇ ಮಧ್ಯದಿಂದ ಶುರು ಮಾಡಿಸಿದರು, ಮೂವತ್ತೊಂದನೇ ಅಂಕಣದಿಂದ. ಅವನು ಕನ್ನಡಕ ಒರೆಸಲಿಲ್ಲ. ಬೆರಳಿಟ್ಟು ಜಾಗ ನೋಡಿ, ‘ನಾಲ್ಕನೆಯ ಸಾಲಿನ ಕೊನೆ’ ಎಂದು ಹೇಳಿ ಎಲ್ಲರಿಗಿಂತ ಮೊದಲು ಕೈ ಎತ್ತಿದ. ಮೂರರ ನಡೆಯಿಂದ ಆರರ ನಡೆಗೆ ದಾಟುವ ಕಡೆ ತಡವರಿಸಿದ್ದು ಟಪಾಲು. ಈ ಸಲವೂ ಅವನು ಕಿಟಕಿಯ ಕಡೆ ನೋಡಿದ.

ಓದುವ ಹಾಲ್ ತೆರೆಯುವ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಜನ ತುಂಬಿದ್ದರು. ಹೊಸ ಕಪಾಟುಗಳಿಂದ ವಾರ್ನಿಷ್ ವಾಸನೆ ಬರುತ್ತಿತ್ತು. ಪುಸ್ತಕಗಳನ್ನು ಇನ್ನೂ ಜೋಡಿಸಿರಲಿಲ್ಲ. ಅತ್ತೆ ಮೊಣಕಾಲು ನೀಡಿಕೊಂಡು ಮುಂದಿನ ಸಾಲಿನ ತುದಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಹೆಂಡತಿ. ಭಾಷಣಕ್ಕೆ ಬಂದವರು ಹತ್ತು ನಿಮಿಷವೆಂದು ಹಿಡಿದ ಮೈಕನ್ನು ಐವತ್ತು ನಿಮಿಷ ಬಿಡಲಿಲ್ಲ. ಕುರ್ಚಿಗಳು ಕಿರುಗುಟ್ಟತೊಡಗಿದವು. ಮೇಡಂ ಗಡಿಯಾರ ನೋಡಿ, ಕಾರ್ಯಕ್ರಮ ಸ್ವಲ್ಪ ಮೊಟಕು ಮಾಡುವುದೇ ವಾಸಿಯೆಂದು ಯೋಚಿಸಿ, ಎರಡನೇ ಭಾಗ ಒಂದೇ ಸಲ ಸಾಕು, ಪುನಃ ಬೇಡ, ನೇರ ಮೂರನೆಯದಕ್ಕೆ ಹೋಗೋಣ ಎಂದು ತಿರುಗಿ ಇಬ್ಬರಿಗೂ ಹೇಳಿದರು. ಟಪಾಲು ತಲೆಯಾಡಿಸಿದ. ಫಿಟ್ಟರ್ ತಂತಿ ಬಿಗಿ ಮಾಡುತ್ತಿದ್ದ, ಮೇಡಂ ಇದ್ದದ್ದು ಅವನ ಬಲಕ್ಕೆ. ಅವರ ತುಟಿ ಅಲ್ಲಾಡಿದ್ದು ಕಂಡು ಅವನೂ ತಲೆಯಾಡಿಸಿದ. ಕಿವಿ ಮಂದವಾದವರೆಲ್ಲ ಹಾಗೆಯೇ.

ಮೊದಲ ಭಾಗ ಚೆನ್ನಾಗಿ ಹೋಯಿತು. ಎರಡನೆಯದು, ಮೂರರ ನಡೆಯದು, ಇನ್ನೂ ಚೆನ್ನಾಗಿ ಹೋಯಿತು. ಹದಿನೇಳನೇ ಅಂಕಣದಿಂದ ಮೂವತ್ತೆರಡರವರೆಗೆ ಅದು. ಮೂವತ್ತೆರಡರ ಕೊನೆಗೆ ಎರಡು ಚುಕ್ಕಿ ಇತ್ತು. ಫಿಟ್ಟರ್ ಚುಕ್ಕಿ ಕಂಡ, ಹದಿನೇಳಕ್ಕೆ ಮರಳಿದ. ಉಳಿದಿಬ್ಬರು ಮೂವತ್ತಮೂರಕ್ಕೆ ಹೋದರು.

ಒಂದೂವರೆ ಅಂಕಣ ಕಳೆದ ಮೇಲೆ ಏನೋ ಕೆಟ್ಟಿದೆ ಎಂದು ಅವನಿಗೆ ತಿಳಿದದ್ದು ಪಾದದಿಂದ. ತನ್ನ ಕೈ ಮೂರು ಸಲ ಭಾರ ಹಾಕುತ್ತಿದ್ದರೆ ನೆಲದಿಂದ ಎರಡೇ ಬರುತ್ತಿತ್ತು. ತಲೆ ಎತ್ತಿ ನೋಡುವಷ್ಟರಲ್ಲಿ ನೆಲ ಸುಮ್ಮನಾಯಿತು. ಟಪಾಲು ಕಡ್ಡಿಗಳನ್ನು ಗಾಳಿಯಲ್ಲಿ ಹಿಡಿದು ಕೂತಿದ್ದ. ಮೇಡಂನ ಅಕಾರ್ಡಿಯನ್ ಅರ್ಧ ತೆರೆದು ನಿಂತಿತ್ತು. ಇಡೀ ಹಾಲಿನಲ್ಲಿ ಓಡುತ್ತಿದ್ದದ್ದು ಅವನ ಗಿಟಾರೊಂದೇ.

ಹಿಂದಿನ ಫಿಟ್ಟರ್ ಆಗಿದ್ದರೆ ಅಲ್ಲಿಗೆ ಕೈ ನಿಲ್ಲಿಸಿ ನಕ್ಕು ಕ್ಷಮೆ ಕೇಳುತ್ತಿದ್ದ. ಯಾಕೆಂದರೆ ಉಳಿದವರನ್ನು ಕೇಳಿಸಿಕೊಳ್ಳದೆ ತಾನೆಲ್ಲಿದ್ದೇನೆ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಈಗ ಗೊತ್ತಿತ್ತು. ಹತ್ತೊಂಬತ್ತನೇ ಅಂಕಣ, ಎರಡನೇ ಎಣಿಕೆ. ಕೈ ತನ್ನ ಪಾಡಿಗೆ ಮೇಲೆ ಕೆಳಗೆ ಹೋಗುತ್ತಲೇ ಇತ್ತು. ಇವರಿಬ್ಬರು ಎಲ್ಲಿ ಕಳೆದುಹೋದರೋ ಏನೋ, ತಾನು ಕಳೆದುಹೋಗಿಲ್ಲ, ಬಂದು ಸೇರಿಕೊಳ್ಳಲಿ ಎಂದುಕೊಂಡ. ಕಾಲು, ಅರೆಕಾಲು, ಎಳೆತ, ಮೌನ, ಬರೆದದ್ದನ್ನು ಬರೆದ ಹಾಗೆ ನುಡಿಸುತ್ತ ಹೋದ. ಹಾಲಿನ ಕುರ್ಚಿಗಳ ಕಿರುಗುಟ್ಟುವಿಕೆ ನಿಂತಿತ್ತು. ಅದು ಅವನಿಗೆ ಕೇಳಿಸಲಿಲ್ಲ. ಆದರೆ ಜನ ಮುಂದಕ್ಕೆ ಬಾಗಿದ್ದು ಕಂಡಿತು. ಇಪ್ಪತ್ತಮೂರಕ್ಕೆ ಬಂದಾಗ ಮೇಡಂ ಕಡೆ ತಿರುಗಿದ. ಅವರ ಕಣ್ಣು ಅವನ ಕೈಯ ಮೇಲೇ ಇತ್ತು.

“ಇಪ್ಪತ್ತೈದಕ್ಕೆ ಬನ್ನಿ” ಎಂದ.

ಅವನ ಲೆಕ್ಕದಲ್ಲಿ ಅದು ಪಿಸುಮಾತು. ಕಿವಿ ಮಂದವಾದವನ ಪಿಸುಮಾತು ಹಾಲಿನ ಕೊನೆಯ ಕುರ್ಚಿಗೂ ತಲುಪಿತು. ಯಾರೋ ನಕ್ಕರು. ಮೇಡಂ ನಗಲಿಲ್ಲ. ಇಪ್ಪತ್ತಮೂರು ಮುಗಿಯಿತು, ಇಪ್ಪತ್ತನಾಲ್ಕು ಮುಗಿಯಿತು, ಅವನು ತಲೆ ಬಗ್ಗಿಸಿದ. ಇಪ್ಪತ್ತೈದರ ಮೊದಲ ಎಣಿಕೆಗೆ ಅಕಾರ್ಡಿಯನ್ ಸರಿಯಾಗಿ ಬಂದು ಕೂತಿತು. ನಾಲ್ಕು ಅಂಕಣದ ನಂತರ ಪಾದದ ಕೆಳಗೆ ಡ್ರಮ್ಮೂ ಬಂತು. ಮೂವತ್ತಮೂರಕ್ಕೆ ಮೂವರೂ ಒಟ್ಟಿಗೆ ದಾಟಿದರು. ಮೂರು ಭಾರ ಎರಡಾಯಿತು, ಎಲ್ಲರಿಗೂ ಒಂದೇ ಸಲ. ಅಲ್ಲಿಂದ ಕೊನೆಯವರೆಗೆ ಇಳಿಜಾರಿನಲ್ಲಿ ಸೈಕಲ್ ಬಿಟ್ಟಂತೆ ಹೋಯಿತು.

ಚಪ್ಪಾಳೆ ಅವನಿಗೆ ಮಳೆ ಬಂದ ಹಾಗೆ ಮಾತ್ರ ಕೇಳಿಸಿತು. ಎಷ್ಟು ಹೊತ್ತು ತಟ್ಟಿದರು ಎಂಬುದು ಕಣ್ಣಿಗೆ ಕಂಡಿತು. ಗಿಟಾರ್ ಒಂಟಿಯಾಗಿ ನುಡಿದ ಆ ಜಾಗವನ್ನು ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಂದು ಭಾಷಣದವರೇ ಬಂದು ಮೇಡಂಗೆ ಹೇಳಿದರು. ಮೇಡಂ ಥ್ಯಾಂಕ್ಸ್ ಎಂದರು, ಅವರೇನು ದಡ್ಡರೇ. ಆಮೇಲೆ ಫಿಟ್ಟರ್‌ನನ್ನು ಕಪಾಟಿನ ಪಕ್ಕಕ್ಕೆ ಕರೆದು, ಎಡಗಿವಿಯ ಕಡೆ ನಿಂತು, ಪುನಃ ಬೇಡ ಎಂದು ಹೇಳಿದ್ದೆನಲ್ಲ ಎಂದು ಕೇಳಿದರು.

“ಹೇಳಿದ್ರಾ? ನಂಗೆ ಕೇಳಿಸ್ಲಿಲ್ಲ. ಹಾಳೇಲಿ ಇತ್ತು, ನುಡಿಸ್ದೆ.”

“ನೀವು ನಿಲ್ಲಿಸ್ಬೌದಿತ್ತು.”

“ಯಾಕೆ ನಿಲ್ಲಿಸ್ಲಿ? ನಾನು ಸರಿಯಾದ ಜಾಗದಲ್ಲೇ ಇದ್ನಲ್ಲ.”

ಮೇಡಂ ಅವನ ಕೈ ಹಿಡಿದು ಒಮ್ಮೆ ಕುಲುಕಿದರು. ಅತ್ತೆ ಎಲ್ಲರೆದುರು ಏನೂ ಹೇಳುವವರಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಮೊದಲ ಭಾಗದಲ್ಲಿ ಎರಡು ಕಡೆ ಓಡಿದ್ದನ್ನು, ಒಂದು ಎಳೆತ ತುಂಡಾದದ್ದನ್ನು ಹೇಳಿದರು. ಇಳಿಯುವ ಮುಂಚೆ, ಆ ಎಂಟು ಅಂಕಣದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ ಎಂದರು. “ಇನ್ನೊಂದು ಸಲ ಹೇಳಿ, ಕೇಳಿಸ್ಲಿಲ್ಲ” ಎಂದ ಫಿಟ್ಟರ್. ಕೇಳಿಸಿತ್ತು ಎಂಬುದು ಅತ್ತೆಗೆ ಗೊತ್ತಿತ್ತು. ಆದರೂ ಇನ್ನೊಂದು ಸಲ ಹೇಳಿದರು.

ಆಮೇಲಿನ ವಿಷಯ ಇಷ್ಟು. ಬಲಗಿವಿ ಒಂದು ವರ್ಷದೊಳಗೆ ಪೂರ್ತಿ ಹೋಯಿತು, ಭಾನುವಾರಗಳು ಹೋಗಲಿಲ್ಲ. ಲೈಬ್ರರಿಯವರು ತಿಂಗಳಿಗೊಮ್ಮೆ ಬೆಳಗಿನ ಹೊತ್ತು ನುಡಿಸಲು ಕರೆಯತೊಡಗಿದರು. ಮೇಡಂ ಆ ಸಂಗೀತವನ್ನು ತಿದ್ದಿ ಹೊಸ ಹಾಳೆ ಮಾಡಿದರು. ಅದರಲ್ಲಿ ಎರಡನೇ ಭಾಗ ಪುನಃ ಬರುವಾಗ ಮೊದಲ ಎಂಟು ಅಂಕಣ ಗಿಟಾರ್ ಮಾತ್ರ, ಅಕಾರ್ಡಿಯನ್ ಮತ್ತು ಡ್ರಮ್ಮಿಗೆ ಬರೀ ಮೌನದ ಗುರುತು. ಟಪಾಲಿಗೆ ಇದು ಸಂಕಟಕ್ಕೆ ಬಂತು. ಅವನೂ ಹಾಳೆ ಓದುವವನಲ್ಲ ಎಂಬುದು ಆಗ ಬಯಲಾಯಿತು. ಬಾರಿಸುವುದಾದರೆ ಹೇಗೋ ಜಾಗ ಸಿಗುತ್ತದೆ, ಸುಮ್ಮನೆ ಕೂತು ಎಂಟು ಅಂಕಣ ಕಳೆಯುವುದು ಹೇಗೆ? ಮುಗಿದಾಗ ಸ್ವಲ್ಪ ತಲೆಯಾಡಿಸು ಮಾರಾಯ ಎಂದು ಗೆಳೆಯನನ್ನು ಬೇಡಿಕೊಂಡ.

“ಆಡಿಸಲ್ಲ” ಎಂದ ಫಿಟ್ಟರ್, ಗಿಟಾರ್ ತೊಡೆಯ ಮೇಲೆ ಎತ್ತಿಕೊಳ್ಳುತ್ತ. “ಕಡ್ಡಿ ಕೆಳಗಿಡು. ಮೂರು ಎಂಟ್ಲೆ ಇಪ್ಪತ್ನಾಲ್ಕು. ಬಾಯ್ಬಿಟ್ಟು ಎಣಿಸು.”

ಟಪಾಲು ಎಣಿಸತೊಡಗಿದ. ಮೊದಲ ಸಲ ಹತ್ತೊಂಬತ್ತನೇ ಎಣಿಕೆಗೇ ಡ್ರಮ್ ಬಾರಿಸಿಬಿಟ್ಟ. ಮೇಡಂ ಅಕಾರ್ಡಿಯನ್ ಮಡಚಿ, ಮತ್ತೆ ಹದಿನೇಳನೇ ಅಂಕಣದಿಂದ ಎಂದರು.